ಇಳಿದ ಮೇಲಿನ ಅರಿವಿ

ಸೈಕಲ್ ಹತ್ತುವುದನ್ನು ಕಲಿತವರು ನಮ್ಮ ಸೇಡಂ ತುಂಬ ಸಿಗುತ್ತಾರೆ. ಇಳಿಯುವುದನ್ನು ಕಲಿತವರು ಮಾತ್ರ ವಿರಳ. ಇಳಿಯುವುದೆಂದರೆ ಒಂದು ಕಾಲನ್ನು ನೆಲಕ್ಕೆ ಊರುವುದು ಎಂದು ನೀವು ತಿಳಿದಿದ್ದರೆ ನನಗೆ ನಿಮ್ಮ ಮೇಲೆ ಕನಿಕರವಿದೆ. ಅಷ್ಟನ್ನು ಕೊಕ್ಕರೆಯೂ ಮಾಡುತ್ತದೆ. ಇಳಿದ ಮರುಕ್ಷಣ ನಾಲ್ಕು ಜನರ ನಡುವೆ ಸಭ್ಯ ಗೃಹಸ್ಥನಾಗಿ ನಿಲ್ಲುವುದಿದೆಯಲ್ಲ, ವಿದ್ಯೆ ಅದು. ಆ ವಿದ್ಯೆ ನಿಂತಿರುವುದು ಬಟ್ಟೆಯ ಮೇಲೆ. ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತೇವೆ. ಅರಿವು, ಅರಿವಿ ಇವೆರಡರ ನಡುವೆ ಇರುವುದು ಒಂದು ಕೊಂಬಿಗೂ ಒಂದು ಗುಡಿಸಿಗೂ ಇರುವ ವ್ಯತ್ಯಾಸವಷ್ಟೆ. ಆದರೆ ಅರಿವಿಲ್ಲದೆ ಸರಕಾರಿ ಕಚೇರಿಯೊಂದರಲ್ಲಿ ಇಡೀ ಆಯುಷ್ಯ ಫೈಲು ತಿರುವಿ ಪಿಂಚಣಿ ಪಡೆಯಬಹುದೆಂಬುದಕ್ಕೆ ನಾನೇ ಸಾಕ್ಷಿ. ಅರಿವಿಯಿಲ್ಲದೆ ಮಾತ್ರ ಒಂದು ಗಳಿಗೆ ನಡೆಯದು.

ನಿವೃತ್ತನಾದ ಮೇಲೆ ಡಾಕ್ಟರರ ಮಾತಿಗೆ ಕಟ್ಟುಬಿದ್ದು ಗೇರಿನ ಸೈಕಲ್ ಕೊಂಡೆ. ಅದರ ಜೊತೆಗೆ ಅದರ ಸಮವಸ್ತ್ರವೂ ಬಂತು: ಗಿಳಿಹಸಿರು ಬಣ್ಣದ ಮೈಗಂಟುವ ಅಂಗಿ, ಅದಕ್ಕಿಂತ ಬಿಗಿಯಾದ ಕರಿ ಚಡ್ಡಿ. ಚಡ್ಡಿಯ ಹಿಂಬದಿಗೆ ಒಳಗಡೆಯಿಂದ ಒಂದು ಮೆತ್ತೆ ಹೊಲಿದಿರುತ್ತಾರೆ. ಸೀಟಿನ ಮೇಲೆ ಕುಳಿತಿರುವಷ್ಟು ಹೊತ್ತು ಅದು ಸುಖ. ಇಳಿದು ನಿಂತಿರೋ, ಸುಖವೆಲ್ಲ ನೋಡುವವರದು. ನಾನೂ ಗೆಳೆಯ ಗಫೂರಸಾಬನೂ ಮೊದಲ ಭಾನುವಾರ ವಾಡಿಗೆ ಹೋಗಿ ಚಹಾದಂಗಡಿಯ ಮುಂದೆ ಇಳಿದಾಗ, ಅಂಗಡಿಯ ಅವ್ವ ನನಗೆ ಒಂದು ಸುತ್ತು ಬಂದು ನೋಡಿ, "ಇವ್ರಿಗಿ ಬೆಂಚ್ ಬ್ಯಾಡ ಬಿಡೊ, ಗಾದಿ ಸಂಗಟ ತಂದಾರ" ಎಂದು ಒಳಗೆ ಕೂಗಿ ಹೇಳಿದಳು. ಗಫೂರ್ ಬುದ್ಧಿವಂತ. ಪೈಜಾಮ ಹಾಕಿಕೊಂಡೇ ತುಳಿಯುತ್ತಾನೆ. "ಸಾಹೇಬ್ರ, ಮುಂದಿನ ಸಲ ಒಂದು ತಲಿದಿಂಬೂ ಹೊಲಿಸ್ಕೊಂಡು ಬರ್ರಿ, ಇಲ್ಲೇ ಮಲಗೂಣು" ಎಂದ.

ಅಂದೇ ನಿಶ್ಚಯಿಸಿದೆ, ಇಳಿದ ಮೇಲೆ ಚಡ್ಡಿಯ ಮೇಲೆ ಏರಿಸಲು ಒಂದು ಪ್ಯಾಂಟು, ಒಂದು ಉದ್ದಂಗಿ ಬೆನ್ನಚೀಲದಲ್ಲಿ ಸದಾ ಇರತಕ್ಕದ್ದು. ಆದರೆ ಎಂಥ ಪ್ಯಾಂಟು? ರಾಜ್ಯಭಾರ ನಡೆಸುವವರೂ ಮಂತ್ರಿಗಳನ್ನು ಆರಿಸುವಾಗ ಇಷ್ಟು ತಲೆ ಕೆಡಿಸಿಕೊಂಡಿರಲಾರರು. ಬಿಳಿಯದು ಒಯ್ದೆ, ಚಿತ್ತಾಪುರದ ದಾರಿಯ ಎರೆಮಣ್ಣು ಅದರ ಮೇಲೆ ತನ್ನ ಹಕ್ಕುಪತ್ರ ಬರೆಯಿತು. ಕರಿಯದು ಒಯ್ದೆ, ಸಿಮೆಂಟಿನ ಧೂಳು ಕೂತು, ಪ್ಯಾಂಟೇ ವಿಭೂತಿ ಧರಿಸಿ ಪೂಜೆಗೆ ಕುಳಿತಂತೆ ಕಂಡಿತು. ಜೀನ್ಸ್ ಬೆವರು ಕುಡಿದರೆ ಅಮಾವಾಸ್ಯೆಗೆ ಹಾಕಿದ್ದು ಹುಣ್ಣಿಮೆಗೆ ಒಣಗುತ್ತದೆ. ಜಾರುವ ನೈಲಾನಿನದು ಹಗುರ, ಚೀಲದಲ್ಲಿ ಮುಷ್ಟಿಯಷ್ಟಾಗುತ್ತದೆ, ನಿಜ. ಆದರೆ ನಡೆದರೆ ಸರ್ ಸರ್ ಎನ್ನುತ್ತದೆ. ಸನ್ನತಿಯ ಗುಡಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಪ್ರದಕ್ಷಿಣೆಯ ಸದ್ದಿಗೆ, "ಹಾವು! ಹಾವು!" ಎಂದು ಎದ್ದುಬಿಟ್ಟರು.

ಕಡೆಗೆ ಒಲಿದು ಬಂದದ್ದು ಬೂದುಬಣ್ಣದ ಒಂದು ತೆಳು ಹತ್ತಿ ಪ್ಯಾಂಟು. ಅಚ್ಚ ಶಹಾಬಾದ ಪರಸಿಕಲ್ಲಿನ ಬಣ್ಣ. ನಮ್ಮ ಸೀಮೆಯ ಯಾವ ಧೂಳು ಬಂದು ಕುಳಿತರೂ ಅದಕ್ಕೆ ತವರಿಗೆ ಬಂದಂತೆ, ಕುಳಿತದ್ದೇ ಗೊತ್ತಾಗದು. ಸೊಂಟಕ್ಕೆ ಲಾಡಿ, ಮೊಣಕಾಲಿಗೆ ಸಡಿಲು, ಸುರುಳಿ ಸುತ್ತಿದರೆ ಸುಕ್ಕಿಲ್ಲ. ಅದರ ಆರೈಕೆಯನ್ನು ನಾನು ಯಾರ ಕೈಗೂ ಕೊಡಲಿಲ್ಲ. ಕಾರಣವಿತ್ತು. ಅದಕ್ಕೆ ಮುಂಚಿನ ಪ್ಯಾಂಟೊಂದನ್ನು ಹಾಕಿಕೊಂಡು ಆದಿತ್ಯನಗರದ ಹತ್ತಿರ ಸಿಮೆಂಟು ಲಾರಿಯ ಹಿಂದೆ ಬರುವಾಗ ಅದರ ಮೈಯೆಲ್ಲ ಸಿಮೆಂಟಿನ ಪುಡಿಯಾಗಿತ್ತು. ಝಾಡಿಸದೆ ಬಕೆಟ್ಟಿನಲ್ಲಿ ನೆನೆಹಾಕಿ ಮರೆತೆ. ಹೊರತೆಗೆದು ತಂತಿಗೆ ಹಾಕಹೋದರೆ ಅದಕ್ಕೆ ತಂತಿ ಬೇಕಾಗಿರಲಿಲ್ಲ. ಅಂಗಳದಲ್ಲಿ ತಾನಾಗಿಯೇ ನಿಂತಿತು. ಹಾಲಿನವನು ಅದಕ್ಕೆ ಶರಣು ಹೇಳಿ ಹೋದನೆಂದು ನಮ್ಮ ಮನೆಯವಳು ಕಮಲಾಬಾಯಿ ಇಂದಿಗೂ ಸಾಧಿಸುತ್ತಾಳೆ. ಆದ್ದರಿಂದ ಬೂದಿ ಪ್ಯಾಂಟಿಗೆ ನಿಯಮಗಳಾದವು. ಮೊದಲು ಕಟ್ಟೆಗೆ ಬಡಿದು ಝಾಡಿಸುವುದು, ಆಮೇಲೆ ತಣ್ಣೀರು, ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸುವುದು, ಇಸ್ತ್ರಿಯ ಬದಲು ಹಾಸಿಗೆಯ ಕೆಳಗೆ ಶಯನ. "ಮಕ್ಕಳಿಗಿ ಒಂದಿನಾನೂ ಹಿಂಗ ಜಳಕ ಮಾಡ್ಸಿಲ್ಲ ನೀವು" ಎಂಬ ಅವಳ ಮಾತನ್ನು ನಾನು ಪ್ರಶಂಸೆಯಾಗಿ ಸ್ವೀಕರಿಸಿದೆ.

ಹೀಗೆ ಇಳಿಯುವ ಶಾಸ್ತ್ರದಲ್ಲಿ ನಾನು ಪಾರಂಗತನಾಗಿ ಕುಳಿತಿದ್ದಾಗ ಒಂದು ಮುಂಜಾನೆ ಕಮಲಾಬಾಯಿ ರೊಟ್ಟಿ ಬಡಿಯುತ್ತಲೇ, "ನಾನೂ ಸೈಕಲ್ ಮ್ಯಾಲೆ ಚಿಂಚೋಳಿಗಿ ಬರ್ತೀನಿ" ಎಂದಳು. ಚಿಂಚೋಳಿ ಅವಳ ತವರು. ಅಲ್ಲಿ ಅವಳ ಅಣ್ಣ ಶಿವಶರಣಪ್ಪನವರು ತೊಗರಿ ವ್ಯಾಪಾರ ಮಾಡಿಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ನ್ಯಾಯ ಹೇಳಿಕೊಂಡು ಇದ್ದಾರೆ. ಹುಡುಗಿಯಾಗಿದ್ದಾಗ ಇವಳು ಅಣ್ಣನ ಸೈಕಲ್ ಕದ್ದು ಹತ್ತಿ, ಓಣಿಯೆಲ್ಲ ಸುತ್ತಿ, ಸರಿಯಾಗಿ ಆ ಕಟ್ಟೆಯ ಮುಂದೆಯೇ ಲಂಗ ಸಿಕ್ಕಿ ಬಿದ್ದಿದ್ದಳಂತೆ. "ಹತ್ತೂದು ಯಾರರ ಹತ್ತತಾರ. ಇಳಿಯೂದು ನಿನ್ನ ಕೈಲಿ ಆಗೂದಲ್ಲ, ನಡಿ ಒಳಗ" ಎಂದು ನಾಲ್ಕು ಮಂದಿಯ ಎದುರು ಅಣ್ಣ ಅಂದಿದ್ದರು. ಆ ಮೇಲೆ ಇವಳು ಸೈಕಲ್ ಮುಟ್ಟಿರಲಿಲ್ಲ.

"ಈಗ ಮೊಮ್ಮಕ್ಕಳಾದ ಮ್ಯಾಲೆ ಯಾಕ?" ಎಂದೆ.

"ಒಂದೇ ಒಂದು ಸಲ ಅಣ್ಣನ ಕಟ್ಟಿ ಮುಂದ ಇಳೀಬೇಕು ನಾ. ಬೀಳೂದಲ್ಲ, ಇಳಿಯೂದು" ಎಂದಳು. ಕಾವಲಿಯ ಮೇಲಿದ್ದ ರೊಟ್ಟಿಯೂ ಆ ದನಿಗೆ ಉಬ್ಬಿತು.

ಮಗಳ ಕಾಲೇಜಿನ ಕಾಲದ ಸೈಕಲ್ ಮನೆಯಲ್ಲಿತ್ತು, ಚೈನಿನ ಕವರ್ ಮಾತ್ರ ಎಲ್ಲೋ ಹೋಗಿತ್ತು. ಬೆಳಗಿನ ಹೊತ್ತು ಮೈದಾನದಲ್ಲಿ ಅಭ್ಯಾಸ ಮಾಡಿದಳು. ನನಗಿಂತ ನೆಟ್ಟಗೆ ತುಳಿದಳು ಎಂಬುದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ. ಉಳಿದದ್ದು ಬಟ್ಟೆಯ ಪ್ರಶ್ನೆ. "ಚೂಡಿದಾರ ಹಾಕ್ಕೋತೀನಿ" ಎಂದಳು. ವಿಷಯ ನನ್ನದಾದ್ದರಿಂದ ಸುಮ್ಮನಿರಲು ಆಗಲಿಲ್ಲ. ಹತ್ತುವಾಗಲೂ ಇಳಿದ ಮೇಲೂ ಒಂದೇ ಆಗಿರುವ ಉಡುಪು ಜಗತ್ತಿನಲ್ಲಿ ಸೀರೆಯೊಂದೇ. ಅದರಲ್ಲೂ ತವರಿಗೆ ಹೋಗುವ ಹೆಣ್ಣುಮಗಳಿಗೆ ಇಳಕಲ್ ಪತ್ತಲಕ್ಕಿಂತ ಮಿಗಿಲಿಲ್ಲ. ನಿರಿಗೆ ಎತ್ತಿ ಸಿಕ್ಕಿಸಿದರೆ ಮುಗಿಯಿತು ಎಂದು ವ್ಯಾಖ್ಯಾನ ಮಾಡಿದೆ. ತಿಳಿದವರು ಹೇಳಿದ್ದಾರೆ ಎಂದು ಪಾಪ ನಂಬಿದಳು.

ತೊಗರಿ ಎದೆಯುದ್ದ ನಿಂತ ಕಾಲ. ಸೈಕಲ್‌ಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಚಿಂಚೋಳಿಗೆ ಎರಡು ಹರದಾರಿ ಇರುವಾಗ ಇಳಿಸಿಕೊಂಡೆವು. ತಂಪು ಗಾಳಿ, ಎರಡೂ ಕಡೆ ಹಳದಿ ಹೂ. ಮುಂದೆ ಅವಳು, ಹಿಂದೆ ನಾನು. ಅವಳು ಏನೋ ಹಾಡಿನ ಸಾಲು ಗುನುಗುತ್ತಿದ್ದಳು. ಊರು ಇನ್ನೇನು ಕಂಡಿತು ಎನ್ನುವಾಗ ಚರ್ ಎಂದು ಸದ್ದಾಯಿತು. ಚೈನು ಸೀರೆಯ ಅಂಚನ್ನು ಹಿಡಿದು ಗೇಣು ಗೇಣಾಗಿ ನುಂಗಿತ್ತು. ಅವಳು ಬೀಳಲಿಲ್ಲ, ಕಾಲೂರಿ ನಿಂತಳು. ಆದರೆ ಸೀರೆಯನ್ನು ಬಿಡಿಸಬೇಕಾದರೆ ಅವಳು ಸೀರೆಯಿಂದ ಹೊರಗೆ ಬರಲೇಬೇಕಾಗಿತ್ತು. ಸೈಕಲ್ ಸಮೇತ ತೊಗರಿ ಹೊಲದೊಳಗೆ ಮರೆಯಾದಳು. ನಾನು ರಸ್ತೆಗೆ ಮುಖ ಮಾಡಿ ಕಾವಲು ನಿಂತೆ. ಹೊಲದೊಳಗಿಂದ ಇಳಿಯುವ ಶಾಸ್ತ್ರದ ಬಗ್ಗೆ, ಶಾಸ್ತ್ರಿಗಳ ಬಗ್ಗೆ ಕೆಲವು ಮಾತುಗಳು ಕೇಳಿಬಂದವು.

ಅಂಚು ಹರಿದು ಮಸಿಯಾಗಿತ್ತು. ಮತ್ತೆ ಉಟ್ಟರೆ ಚೈನು ಮತ್ತೆ ಹಿಡಿಯುತ್ತದೆ. "ಇನ್ನೇನು ಊರು ಬಂತಲ್ಲ, ಉಟ್ಕೊಂಡು ನಡಕೋತ ಹೋಗೂಣು" ಎಂದೆ.

"ನಡಕೋತ ಹೋಗ್ಲಾಕ ನಾ ಬಂದಿಲ್ಲ" ಎಂದಿತು ತೊಗರಿ ಹೊಲ. ಆ ದನಿಯಲ್ಲಿ ಅಳು ಇತ್ತು. ಆಮೇಲೆ, "ನಿಮ್ಮ ಚೀಲ ಕೊಡ್ರಿ ಇಲ್ಲಿ" ಎಂದಿತು.

"ಅದು ನನ್ನ ಬೂದಿ ಪ್ಯಾಂಟು!"

"ಗೊತ್ತದ."

"ಮತ್ತ ನಾ ಇಳಿದ ಮ್ಯಾಲೆ ಏನು ಹಾಕ್ಕೋಬೇಕು?"

ತೊಗರಿಯ ಮೇಲಿಂದ ಇಳಕಲ್ ಪತ್ತಲ ಹಾರಿ ಬಂದು ನನ್ನ ಹೆಗಲ ಮೇಲೆ ಕುಳಿತಿತು.

ಚೀಲ ಕೊಟ್ಟೆ. ಬೂದಿ ಪ್ಯಾಂಟು, ಉದ್ದಂಗಿ ತೊಟ್ಟು ಅವಳು ಹೊರಬಂದಳು. ಲಾಡಿ ಬಿಗಿದು, ತೋಳು ಮಡಚಿ, ಹಣೆಯ ಕುಂಕುಮ ಸರಿಮಾಡಿಕೊಂಡು ಹತ್ತಿ ಹೊರಟೇಬಿಟ್ಟಳು. ಊರ ಅಗಸೆಯವರೆಗೆ ನಾನೂ ತುಳಿದೆ. ಊರೊಳಗೆ ಮೆತ್ತೆಯ ಚಡ್ಡಿಯಲ್ಲಿ ಅಳಿಯ ಹೋಗುವುದುಂಟೆ? ಮಸಿಯಾದ ಅಂಚನ್ನು ಒಳಗೆ ಮಾಡಿ, ಪತ್ತಲವನ್ನು ಲುಂಗಿಯಂತೆ ಸುತ್ತಿದೆ. ಒಂಬತ್ತು ಗಜದ ಲುಂಗಿ. ಸುತ್ತಿ ಸುತ್ತಿ ನನಗೇ ತಲೆ ತಿರುಗಿತು. ಉಳಿದ ಸೆರಗನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ ನೂಕುತ್ತ ನಡೆದೆ.

ದೂರದಿಂದಲೇ ನೋಡಿದೆ. ಕಟ್ಟೆಯ ಮೇಲೆ ಶಿವಶರಣಪ್ಪನವರು, ಸುತ್ತ ನಾಲ್ಕೈದು ಮಂದಿ. ಅವಳು ಗಂಟೆ ಬಾರಿಸಿದಳು. ಬ್ರೇಕು ಹಿಡಿದಳು. ಒಂದು ಕಾಲು ಇತ್ತ ತಂದು, ಇಬ್ಬನಿ ಇಳಿದಂತೆ ಇಳಿದಳು. ಸೀಟಿನ ಮೇಲೆ ಕೈಯಿಟ್ಟು ನಿಂತಳು. ಪ್ಯಾಂಟಿಗೆ ಒಂದು ಸುಕ್ಕಿರಲಿಲ್ಲ. ಮಂಡಿ ನೋವೆಂದು ಯಾರು ಬಂದರೂ ಏಳದ ಮನುಷ್ಯ ಕೋಲೂರಿ ಎದ್ದು, ಕಟ್ಟೆ ಇಳಿದು ಬಂದು ಅವಳ ಹ್ಯಾಂಡಲ್ ಹಿಡಿದುಕೊಂಡರು. "ಬರೋಬ್ಬರಿ ಇಳದಿ ನೋಡು ತಂಗೆವ್ವ" ಎಂದರು. ಅವಳು ನಗುತ್ತಲೇ ಅತ್ತಳು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. "ಮತ್ತ ಇವ್ರ್ಯಾರವ್ವ? ನಿನ್ನ ಗೆಳತಿ ಏನು?"

ಆ ಮನೆಯಲ್ಲಿ ನಗು ಊಟದವರೆಗೂ ನಿಲ್ಲಲಿಲ್ಲ, ಊಟದಲ್ಲಂತೂ ಹೋಳಿಗೆಗಿಂತ ಹೆಚ್ಚು ಅದನ್ನೇ ಬಡಿಸಿದರು. ಹೊರಡುವ ಹೊತ್ತಿಗೆ ಶಿವಶರಣಪ್ಪನವರ ಹೆಂಡತಿ, ನಮ್ಮ ವೈನಿ, ಮೊರದಲ್ಲಿ ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು, ಕುಪ್ಪಸದ ಖಣ ಇಟ್ಟುಕೊಂಡು ಬಂದರು. ಮನೆಮಗಳು ಬರಿದಾದ ಉಡಿಯಲ್ಲಿ ತವರಿನಿಂದ ಹೋಗಬಾರದು. "ಸೆರಗು ಹಿಡಿ ಕಮಲವ್ವ" ಎಂದರು. ಕಮಲವ್ವ ಅಂಗಿಯ ತುದಿ ನೋಡಿಕೊಂಡಳು. ಪ್ಯಾಂಟಿನ ಎರಡೂ ಜೇಬು ತೋರಿಸಿದಳು. "ಜೇಬಿನ್ಯಾಗ ತವರು ಹಿಡಿಯೂದಿಲ್ಲವ್ವ, ಸೆರಗೇ ಬೇಕು" ಎಂದರು ವೈನಿ. ಎಲ್ಲರೂ ಮೆಲ್ಲಗೆ ನನ್ನ ಕಡೆ ತಿರುಗಿದರು. ಊರಿನಲ್ಲಿ ಅವಳ ಸೆರಗು ಇದ್ದದ್ದು ನನ್ನ ಹೆಗಲ ಮೇಲೆ ಮಾತ್ರ.

ದೇವರ ಕಡೆ ಮುಖ ಮಾಡಿ ಮಣೆಯ ಮೇಲೆ ನಿಂತೆ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದೆ. ಕಮಲಾಬಾಯಿ ಪಕ್ಕದಲ್ಲಿ ಪ್ಯಾಂಟಿನ ಜೇಬಿಗೆ ಕೈಹಾಕಿಕೊಂಡು ಗಂಭೀರವಾಗಿ ನೋಡುತ್ತಿದ್ದಳು. ವೈನಿ ತುಟಿ ಕಚ್ಚಿ ನಗು ತಡೆದು, ಬೊಗಸೆ ಬೊಗಸೆ ಅಕ್ಕಿ ಸುರಿದು, ಕೊಬ್ಬರಿ ಇಟ್ಟು, ಕಡೆಗೆ ಅದೆಷ್ಟೋ ವರ್ಷದ ರೂಢಿಯಿಂದ ಬಾಯಿಗೆ ಬಂದದ್ದನ್ನು ಅಂದೇಬಿಟ್ಟರು: "ಪಂಚಮಿಗಿ ತಪ್ಪಸಬ್ಯಾಡವ್ವ, ಜೋಕಾಲಿ ಕಟ್ಟಸ್ತೀವಿ, ಬಾ."

ಹಾಗೆ ಕರೆದಾಗ ಇಲ್ಲವೆನ್ನಲು ಯಾರಿಗೆ ತಾನೆ ಮನಸ್ಸಾಗುತ್ತದೆ? ಉಡಿಯನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ, "ಬರ್ತೀನಿ ವೈನಿ" ಎಂದೆ.