ಅಪ್ಪನಿಗೇ ಮೊದಲು

ಹೋದ ಸಲ ಗಡಿಯಿಂದ ನವೀನ್‌ಕುಮಾರನ ಫೋನು ಬಂದಾಗ ಅವನ ಹೆಂಡತಿ ವಾಣಿಶ್ರೀಗೆ ದಕ್ಕಿದ್ದು 'ಹಲೋ' ಒಂದೇ. ಅತ್ತೆ ಅಕ್ಕಯಮ್ಮ ಫೋನು ಕಿತ್ತುಕೊಂಡು ಮಗ ಉಂಡನೋ ಇಲ್ಲವೋ ವಿಚಾರಿಸಿದಳು. ಮಾವ ಅಪ್ಪಯ್ಯಣ್ಣ ತಮ್ಮೂರು ತೂಬಗೆರೆಯಲ್ಲಿ ಮಳೆ ಬಿದ್ದ ವರದಿ ಒಪ್ಪಿಸಿದ. ಪಕ್ಕದ ಮನೆ ಮಾರಕ್ಕ ನುಗ್ಗಿ ಬಂದು, "ಯುದ್ಧ ಯಾವಾಗ ಮುಗೀತದೆ ಅಂತ ನಿಮ್ಮ ಸಾಹೇಬ್ರನ್ನ ಕೇಳೋ ನವೀನಾ, ಟೀವಿ ನೋಡಿ ನೋಡಿ ನಂಗೆ ಬೀಪಿ ಏರೈತೆ!" ಎಂದಳು. "ಭಾನುವಾರ ಮಾಡ್ತೀನಿ," ಎಂದವನೇ ನವೀನ ಫೋನಿಟ್ಟ. ಯುದ್ಧ ಶುರುವಾದ ಮೇಲೆ ಸೈನಿಕರ ಮೊಬೈಲುಗಳನ್ನೆಲ್ಲ ತೆಗೆದಿಟ್ಟು, ಒಂದೇ ಫೋನಿನಲ್ಲಿ ಸರದಿ ಮೇಲೆ ಮಾತಾಡಿಸುತ್ತಿದ್ದರು.

ವಾಣಿಶ್ರೀ ಗಂಡನಿಗೆ ಹೇಳಬೇಕಾದ ಸುದ್ದಿ ಅವಳ ಹೊಟ್ಟೆಯಲ್ಲೇ ಉಳಿಯಿತು. ನಿಜವಾಗಿಯೂ ಅದು ಹೊಟ್ಟೆಯಲ್ಲೇ ಇತ್ತು. ದೊಡ್ಡಬಳ್ಳಾಪುರದ ಡಾಕ್ಟರಮ್ಮನನ್ನು ಬಿಟ್ಟರೆ ಯಾರಿಗೂ ತಿಳಿಯದು. ಟೀವಿಯಲ್ಲಿ ದಿನವೂ ಬಾಂಬು ಬೀಳುತ್ತಿತ್ತು. ನಾಳೆ ಹೇಗೋ ಏನೋ! ಈ ಸುದ್ದಿ ಮೊದಲು ಮಗುವಿನ ಅಪ್ಪನ ಕಿವಿಗೇ ಬೀಳಬೇಕು, ಊರೇ ಅಡ್ಡ ಬಂದರೂ ಸರಿಯೇ ಎಂದು ಅವಳು ಹಟ ತೊಟ್ಟಳು.

ಭಾನುವಾರ ಬೆಳಗ್ಗೆಯೇ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟಿಗೆ ಸೇರಿದಳು. ಹಿಂದೆಯೇ ಅತ್ತೆ.

"ಹಸುವಿನ ತಾವ ಏನವ್ವಾ ಮಾಡ್ತಿದ್ದೀಯ?"

"ಸಗಣಿ ಬಾಚ್ತಿದ್ದೀನಿ ಅತ್ತೆ."

ಸಗಣಿ ಕಂಡರೆ ಮೂಗು ಮುಚ್ಚುವ ಸೊಸೆ ಹೀಗೆಂದಾಗಲೇ ಅಕ್ಕಯಮ್ಮನಿಗೆ ಗುಮಾನಿ ಹತ್ತಿತು. ವಾಣಿಶ್ರೀ ತಾರಸಿಗೆ ಹೋದಳು, ಪಕ್ಕದ ತಾರಸಿಯಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ಮಾರಕ್ಕ ಕೊಕ್ಕರೆಯಂತೆ ಕತ್ತು ಚಾಚಿ, "ಬಂತಾ ಫೋನು?" ಎಂದಳು. ವಾಣಿಶ್ರೀ ಕೆಳಗಿಳಿದವಳೇ ಕೆರೆ ಏರಿಯ ಕಡೆ ದಾಪುಗಾಲು ಹಾಕಿದಳು.

ಏರಿಯ ನಡುವೆ ಫೋನು ಹೊಡೆದುಕೊಂಡಿತು. ತಿರುಗಿ ನೋಡಿದರೆ ಮಾವನ ಮೊಪೆಡ್ಡು ಬರುತ್ತಿದೆ. ಹಿಂದೆ ಅಕ್ಕಯಮ್ಮ, ಅವಳ ಹಿಂದೆ ಮಾರಕ್ಕ, ಸಂತೆಗೆ ಹೊರಟ ಮೂಟೆಗಳ ಹಾಗೆ.

"ಅಲ್ಲೇ ನಿಂತ್ಕೊಳಿ!" ವಾಣಿಶ್ರೀ ಫೋನನ್ನು ನೀರಿನ ಮೇಲೆ ಚಾಚಿ ಹಿಡಿದಳು. "ಒಂದು ಹೆಜ್ಜೆ ಮುಂದೆ ಇಟ್ರೆ ಕೆರೆಗೆ ಎಸ್ದುಬಿಡ್ತೀನಿ!"

ಮೊಪೆಡ್ಡು ಕೆಮ್ಮಿ ನಿಂತಿತು. ಮೂವರೂ ಅದರ ಮೇಲೇ ಕೂತರು. ವಾಣಿಶ್ರೀ ಏರಿಯ ಕೆಳಗಿಳಿದು ಫೋನನ್ನು ಕಿವಿಗಿಟ್ಟಳು.

"ಲೇ ವಾಣಿ, ಸ್ವಲ್ಪ ತಾಳು..."

"ನೀವೇನೂ ಹೇಳ್ಬೇಡಿ, ಮೊದ್ಲು ಕೇಳಿ! ನೀವು ಅಪ್ಪ ಆಗ್ತಿದ್ದೀರ. ಇಲ್ಲಿ ಯಾರಿಗೂ ಗೊತ್ತಿಲ್ಲ, ನಿಮ್ಗೇ ಮೊದ್ಲು. ಅಲ್ಲಿ ತಲೆ ಮೇಲೆ ಏನೇ ಬೀಳ್ಲಿ, ನೀವು ಬರ್ಲೇಬೇಕು. ಬರ್ದೆ ಹೋದ್ರೆ ನಾನೇ ಬಂದು ಕಿವಿ ಹಿಂಡಿ ಎಳ್ಕೊಂಡು ಬರ್ತೀನಿ. ಶತ್ರು ಗಿತ್ರು ಯಾರಿಗೂ ಹೆದರೋಳಲ್ಲ ನಾನು!"

ಫೋನಿನಿಂದ ಜಾತ್ರೆಯೇ ಎದ್ದಂತೆ ಕೇಕೆ, ಶಿಳ್ಳೆ, "ಮುಬಾರಕ್ ಹೋ ಭಾಭೀಜಿ!"

"ಈ ಫೋನು ಕಿವಿಗಿಟ್ರೆ ಕೇಳ್ಸಲ್ಲ ಕಣೇ," ನವೀನ ಆ ಗದ್ದಲದ ನಡುವೆ ಕೂಗಿ ಹೇಳಿದ. "ಸ್ಪೀಕರ್ ಹಾಕ್ಕೊಂಡೇ ಮಾತಾಡ್ಬೇಕು. ಎಲ್ರೂ ಸಾಲಲ್ಲಿ ನಿಂತವ್ರೆ... ಬರ್ತೀನಿ ಕಣೇ. ಖಂಡಿತ ಬರ್ತೀನಿ."

ವಾಣಿಶ್ರೀ ಕೆಂಪಾದಳು. ಹೋಗಲಿ, ಕೇಳಿದವರು ದೂರದವರು, ಊರಿಗಂತೂ ಗೊತ್ತಾಗಲಿಲ್ಲ ಎಂದುಕೊಂಡು ಕಣ್ಣೊರೆಸಿ, ಸೀರೆ ಸರಿಮಾಡಿಕೊಂಡು ನಿಧಾನಕ್ಕೆ ಏರಿ ಹತ್ತಿದಳು. ಅಷ್ಟರಲ್ಲಿ ಮಾರಕ್ಕನ ಫೋನು ಬಡಿದುಕೊಂಡಿತು. ಅಲ್ಲೇ ಹತ್ತಿರದ ಮಧುರೆ ಎಂಬ ಊರಿನಿಂದ ಅವಳ ತಂಗಿ ಲಕ್ಷ್ಮೀದೇವಮ್ಮ. ಅವಳ ಮಗ ಗೋವಿಂದರಾಜು ನವೀನನ ಜೊತೆಗೇ ಇದ್ದ. ಸಾಲಿನಲ್ಲಿ ಮುಂದಿನ ಸರದಿ ಅವನದೇ ಆಗಿತ್ತು.

"ಅಯ್ಯೋ ಅಕ್ಕಯಮ್ಮಾ!" ಮಾರಕ್ಕ ಮೊಪೆಡ್ಡಿನಿಂದ ಜಿಗಿದಳು. "ನೀನು ಅಜ್ಜಿ ಆಯ್ತಿದ್ದೀಯಂತೆ ಕಣೇ!"

ಅಕ್ಕಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಒಂದೇ ಮನೇಲಿರೋ ಸುದ್ದಿ ಗಡಿಗೆ ಹೋಗಿ, ಮಧುರೆ ಸುತ್ಕೊಂಡು, ಇವಳ ಬಾಯಿಂದ ನಂಗೆ ತಿಳೀಬೇಕೇನೇ?"

"ಹೂಂ ಅತ್ತೆ. ಅವ್ರು ಮೊದ್ಲು ಕೇಳಿಸ್ಕೊಂಡ್ರು. ನಂಗಷ್ಟು ಸಾಕು."

ಅಕ್ಕಯಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. ತಬ್ಬಿಕೊಂಡಂತೆಯೇ ಸೊಸೆಯ ಕೈಯ ಫೋನನ್ನು ಸರಕ್ಕನೆ ಎಳೆದು ಕುಪ್ಪಸದೊಳಗೆ ಸೇರಿಸಿದಳು.

"ಹೆರಿಗೆ ಆಗೋಗಂಟ ಫೋನು ನನ್ ಹತ್ರ. ಬಸ್ರಿ ಹೆಂಗ್ಸು ಹಿಂಗೆ ಏರಿ ಮೇಲೆಲ್ಲ ಓಡ್ಬಾರ್ದು."

"ಅದ್ನೂ ನೋಡೇಬಿಡಾಣ ಅತ್ತೆ," ಎಂದು ವಾಣಿಶ್ರೀ ಸೆರಗು ಸಿಕ್ಕಿಸಿದಳು.