ಬೀಗರೂಟಕ್ಕೆ ಮುಂಚೆ ಬಿದ್ದ ಕಲ್ಲು

ಮಾಂಬಳ್ಳಿಯ ಪುಟ್ಟಸಿದ್ದಯ್ಯನಿಗೆ ಮೂತ್ರಪಿಂಡದಲ್ಲಿ ಕಲ್ಲಾದದ್ದು ಅಂಥ ದೊಡ್ಡ ದುಃಖವಲ್ಲ. ಮಗಳು ಭವ್ಯಳ ಬೀಗರೂಟ ಎದುರಿಗಿರುವಾಗ ಆಯಿತಲ್ಲ, ಅದು ದುಃಖ. ಮನುಷ್ಯನ ಒಳಗೆ ಕಲ್ಲು ಹುಟ್ಟುವುದಾದರೆ ಹುಟ್ಟಲಿ, ಅದಕ್ಕೂ ಒಂದು ಹೊತ್ತುಗೊತ್ತು ಬೇಡವೆ? ಮದುವೆಯ ಪಾಯಸದೂಟ ಪುರೋಹಿತರ ಸಮಾಧಾನಕ್ಕೆ, ಆಮೇಲೆ ಗಂಡಿನ ಮನೆಯವರು ಹಾಕಿಸುವ ಬಾಡೂಟವೇ ನಿಜವಾದ ಮದುವೆ ಎಂಬುದು ಅವನು ಹರೆಯದಿಂದ ನಂಬಿಕೊಂಡು ಬಂದ ಸಿದ್ಧಾಂತ.

ನೋವು ಮೊದಲು ಬಂದಾಗ ಅವನು ಗದ್ದೆ ಬದುವಿನಲ್ಲಿ ನಿಂತು, ಕುಂತೂರಿನ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರಿಗೆ ಕೈಬೀಸುತ್ತಿದ್ದ. ಬೆನ್ನ ಬಲಗಡೆ ಎದ್ದ ನೋವು ಪಕ್ಕೆಯನ್ನು ಬಳಸಿ, ತೊಡೆಸಂದಿಗೆ ಇಳಿದು, ಅಲ್ಲಿಂದ ಮತ್ತೆ ದಂಡೆತ್ತಿ ಬಂತು. ಪುಟ್ಟಸಿದ್ದಯ್ಯ ತರಗಿನ ಮೇಲೆ ಉರುಳಾಡಿಬಿಟ್ಟ. (ಕಬ್ಬು ಕಡಿಯುವವರು ಹಾವು ಕಚ್ಚಿತೆಂದು ತಿಳಿದು, ಮೊದಲು ಹಾವನ್ನು ಹುಡುಕಿದರು.) ಯಳಂದೂರಿನಲ್ಲಿ ಸ್ಕ್ಯಾನ್ ಮಾಡಿದವರು, ಹುರಳಿಕಾಳಿನಷ್ಟು ಕಲ್ಲಿದೆ, ನೀರು ಚೆನ್ನಾಗಿ ಕುಡಿದು ಮತ್ತೆ ಬಂದು ತೋರಿಸಿ ಎಂದರು.

ಮತ್ತೆ ತೋರಿಸುವ ಮಾತನ್ನು ಹೆಂಡತಿ ಮಂಗಳ ಬಸ್ ಸ್ಟ್ಯಾಂಡಿನಲ್ಲೇ ತಳ್ಳಿಹಾಕಿದಳು.

"ನಮ್ಮವ್ವನ ಮದ್ದಿರುವಾಗ ಆಸ್ಪತ್ರೆ ಯಾಕ್ರೀ? ಹನೂರು ಸುತ್ತಮುತ್ತ ಎಷ್ಟು ಜನದ ಕಲ್ಲ ಕರಗಿಸವ್ಳೆ ನಮ್ಮವ್ವ!"

"ಕರಗ್ದೆ ಇನ್ನೇನು ಮಾಡ್ತದಮ್ಮಿ? ನಿಮ್ಮವ್ವ ಒಂದ್ಸಲ ನೋಡುದ್ರೆ ಬಂಡೆನೂ ಕರಗ್ತದೆ."

ಈ ಮಾತಿಗೆ ತಕ್ಕ ಶಾಸ್ತಿಯಾಯಿತು. ಬೆಳಗಾದರೆ ಬಾಳೆದಿಂಡಿನ ರಸ, ಮಧ್ಯಾಹ್ನ ಹುರಳಿ ಬೇಯಿಸಿದ ಕಟ್ಟು, ಸಂಜೆ ನೆಗ್ಗಿಲುಮುಳ್ಳಿನ ಕಷಾಯ, ನಡುನಡುವೆ ಅಗಿಯಲು ಕಾಡುಬಸಳೆ ಎಲೆ. ಉಪ್ಪು ಅರ್ಧ, ಹುಳಿ ಇಲ್ಲ, ಬದನೆಕಾಯಿ ಇಲ್ಲ. ಬಾಡು? ಆ ಹೆಸರನ್ನೂ ಎತ್ತುವಂತಿಲ್ಲ. ಹಿಂದೆ ಬಾಳೆದಿಂಡು ಹಸುವಿನ ಪಾಲು, ಬೆಂದ ಹುರಳಿ ಎತ್ತಿನ ಪಾಲು. ಈಗ ದಿಂಡಿನ ರಸ ಯಜಮಾನನಿಗೆ, ಹಿಂಡಿದ ನಾರು ಹಸುವಿಗೆ. ಕಟ್ಟು ಯಜಮಾನನಿಗೆ, ಕಾಳು ಎತ್ತಿಗೆ. ಎತ್ತು ದಿನದಿನಕ್ಕೂ ಮಿರಮಿರನೆ ಮಿಂಚತೊಡಗಿತು. ಹಸು ಮಾತ್ರ ಅವನನ್ನು ಕಂಡಾಗಲೆಲ್ಲ ದಾಯಾದಿಯಂತೆ ಮುಖ ತಿರುಗಿಸುತ್ತಿತ್ತು.

ನೋವು ಅಡಗಿತು. ಆಸೆ ಅಡಗಲಿಲ್ಲ. ಸಂಜೆ ಸುವರ್ಣಾವತಿ ದಂಡೆಯ ಹೊಂಗೆಮರದ ಕೆಳಗೆ ಮಲಗಿದರೆ ಪುಟ್ಟಸಿದ್ದಯ್ಯನ ಕಣ್ಣು ಅರ್ಧ ಮುಚ್ಚಿ ಅರ್ಧ ತೆರೆದಿರುತ್ತಿತ್ತು. ಬಿಳಿಗಿರಿಯ ಬೆಟ್ಟಸಾಲಿನ ಮೇಲೆ ಮೋಡಗಳು ಕುರಿಮಂದೆಯಂತೆ ತಲೆತಗ್ಗಿಸಿ ಹೋಗುವುವು. ಅವುಗಳಲ್ಲಿ ಕೊಬ್ಬಿದ್ದು ಯಾವುದು, ಬಡಕಲು ಯಾವುದು ಎಂದು ಅವನು ಮಲಗಿದಲ್ಲೇ ಆರಿಸುವನು. ಹೊಂಗೆ ನೆರಳು ಮೈಮೇಲೆ ಆಡುವುದು, ನೀರು ಕಲ್ಲುಗಳ ನಡುವೆ ಕುದಿಯುವ ಸಾರಿನ ಹಾಗೆ ಗುಳುಗುಳು ಎನ್ನುವುದು, ಗಾಳಿಯಲ್ಲಿ ಎಲ್ಲಿಂದಲೋ ಚಕ್ಕೆ ಲವಂಗ ಹುರಿದ ವಾಸನೆ. ಅಷ್ಟರಲ್ಲಿ ಬೆಟ್ಟದ ತಪ್ಪಲೆಲ್ಲ ಒಂದು ಪಂಕ್ತಿಯಾಗಿ, ಹನೂರಿನ ಬೀಗರು ಕೆಂಪನಂಜಪ್ಪನವರು ತಾವೇ ಬಕೆಟ್ಟು ಹಿಡಿದು ಮಂಜಿನೊಳಗಿಂದ ಇಳಿದು ಬರುವರು...

"ರೀ! ಕಷಾಯ ಆರೋಯ್ತದೆ!"

ಇಂಥದೊಂದು ಸಂಜೆ, ಬೀಗರೂಟ ಹತ್ತಿರ ಬಂದು ನಿಂತಿದ್ದಾಗ, ಅವನ ಕಣ್ಣು ಮೋಡದಿಂದ ಇಳಿದು ಮರಳಿನ ಮೇಲೆ ಬಿತ್ತು. ಅಲ್ಲೊಂದು ಪುಟ್ಟ ಕಲ್ಲು. ಕಂದುಬಣ್ಣ, ಥೇಟ್ ಹುರಳಿಕಾಳು. ಪುಟ್ಟಸಿದ್ದಯ್ಯನಿಗೆ ಜ್ಞಾನೋದಯವಾಯಿತು. (ಮರದ ಕೆಳಗೆ ಕೂತವರಿಗೆ ಆಗುವುದು ಹೊಸದೇನಲ್ಲ.)

ವೀಳ್ಯದೆಲೆಯಲ್ಲಿ ಸುತ್ತಿ ತಂದು ಹೆಂಡತಿಯ ಕೈಗಿಟ್ಟ. "ಬಿತ್ತು ಕಣಮ್ಮಿ."

ಮಂಗಳ ಬೆರಗಾಗಿ ನೋಡಿದಳು. "ನೋಯ್ಲಿಲ್ವಾ?"

"ನಿಮ್ಮವ್ವನ ಮದ್ದಲ್ವಾ? ಹೂವು ಬಿದ್ದಂಗೆ ಬಿತ್ತು."

ಹೆಂಡತಿಯ ಕಣ್ಣಲ್ಲಿ ನೀರಾಡಿತು. ಆ ಕ್ಷಣಕ್ಕೆ ಅವನಿಗೆ ಸ್ವಲ್ಪ ಅಳುಕಾಯಿತು. ಆದರೆ ಅವಳು, "ಇನ್ನು ಪಥ್ಯ ಸಾಕು. ಬೀಗರೂಟದಲ್ಲಿ ಒಟ್ಟೆತುಂಬ ತಿನ್ನಿ" ಎಂದದ್ದೇ ಅಳುಕು ಹಾರಿಹೋಯಿತು.

ಕಲ್ಲು ಕುಂಕುಮದ ಭರಣಿ ಸೇರಿತು. ಬೀದಿಯವರೆಲ್ಲ ದರ್ಶನಕ್ಕೆ ಬಂದರು. ಪಕ್ಕದ ಮನೆಯ ಪದ್ಮಿನಿ ಬೆರಳಲ್ಲಿ ಉರುಳಿಸಿ, "ಏನು ನುಣುಪಕ್ಕಾ, ಒಳ್ಳೆ ಒಳೆ ಕಲ್ಲಿದ್ದಂಗದೆ!" ಎಂದಳು.

"ಒಳಗೆ ನೀರು ಅರಿಯಲ್ವೇನಮ್ಮ? ಉರುಳಿ ಉರುಳಿ ನುಣ್ಣಗಾಗದೆ" ಎಂದು ಪುಟ್ಟಸಿದ್ದಯ್ಯ ದೇಹಶಾಸ್ತ್ರ ಬೋಧಿಸಿದ.

ಮಂಗಳ ಹನೂರಿನ ಅವ್ವನಿಗೆ ಫೋನ್ ಮಾಡಿದಳು. ಬೀಗರೂಟದ ದಿನ ಇವರು ಹನೂರಿನ ಶಾಮಿಯಾನದಡಿ ಕಾಲಿಡುವ ಹೊತ್ತಿಗೆ, ಅವಳ ಅವ್ವ ಮೊಮ್ಮಗಳ ಮದುವೆ ಕುದುರಿಸಿದವಳಾಗಿ ಮಾತ್ರವಲ್ಲ, ಕಲ್ಲು ಕರಗಿಸಿದ ಮಹಾತಾಯಿಯಾಗಿ ನಡುವೆ ವಿರಾಜಮಾನಳಾಗಿದ್ದಳು. ಸೊಂಟ ಹಿಡಿದುಕೊಂಡ ನಾಲ್ಕಾರು ಜನ ಅವಳ ಸುತ್ತ ಆಗಲೇ ಕೂತಿದ್ದರು.

ಪುಟ್ಟಸಿದ್ದಯ್ಯ ಅದನ್ನೆಲ್ಲ ನೋಡಿದನೋ ಇಲ್ಲವೋ. ಎಲೆಯ ಮುಂದೆ ಕೂತಿದ್ದ. ಬಿಸಿ ರಾಗಿಮುದ್ದೆಯಿಂದ ಹಬೆ ಏಳುತ್ತಿತ್ತು. ಆ ಹಬೆಯೊಳಗಿಂದ, ಹೊಂಗೆಮರದ ಕೆಳಗೆ ಕಂಡಂತೆಯೇ, ಬೀಗರು ಕೆಂಪನಂಜಪ್ಪ ಬಕೆಟ್ಟು ಹಿಡಿದು ಬಂದರು.

"ಯಾರೂ ಕೈ ಇಕ್ಕಬ್ಯಾಡ್ರಪ್ಪ! ಕಲ್ಲು ಗೆದ್ದು ಬಂದವ್ರೆ ನಮ್ಮ ಬೀಗರು. ಮೊದಲನೇ ತುತ್ತು ಅವರದು."

ತೊಡೆಯ ಒಳ್ಳೆಯ ತುಂಡುಗಳು ಎಲೆಗೆ ಬಿದ್ದವು. ಪಂಕ್ತಿಯೆಲ್ಲ ಅವನನ್ನೇ ನೋಡುತ್ತಿತ್ತು. ಪುಟ್ಟಸಿದ್ದಯ್ಯ ಒಂದು ತುಂಡು ಎತ್ತಿದ. ಕಣ್ಣು ತಾನಾಗಿ ಮುಚ್ಚಿತು. ತುಂಡು ತುಟಿಗೆ ತಾಗಿತು.

ಬೆನ್ನ ಬಲಗಡೆ ನೋವು ಕಹಳೆ ಊದಿತು.

ಎಲೆಯ ಮೇಲೇ ಮಗುಚಿದ. ಬೀಗರು ಹೌಹಾರಿದರು, ಭವ್ಯ ಅಳತೊಡಗಿದಳು, ಯಾರೋ ಕಾರು ತಿರುಗಿಸಿದರು. ಹನೂರಿನಿಂದ ಕೊಳ್ಳೇಗಾಲದವರೆಗೆ ರಸ್ತೆಯ ಒಂದೊಂದು ಗುಂಡಿಯೂ ಅವನ ಪಕ್ಕೆಯನ್ನು ಹೆಸರು ಹಿಡಿದು ಕೂಗಿತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ಮಾಡಿ, ಮಂಗಳ ಅವ್ವನಿಗೆ ತೋರಿಸಲೆಂದು ಚೀಲದಲ್ಲಿ ತಂದಿದ್ದ ಯಳಂದೂರಿನ ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟು ಡಾಕ್ಟರಮ್ಮ ನೋಡಿದರು.

"ಕಲ್ಲು ಕೆಳಗೆ ಜಾರಿ ನಾಳದಲ್ಲಿ ಸಿಕ್ಕಿಕೊಂಡಿದೆ. ತೆಗೀಬೇಕು."

"ಒಂದು ಬಿದ್ದೋಗದೆ ಮೇಡಂ. ಇದು ಎರಡನೇದಾ?" ಎಂದಳು ಮಂಗಳ.

"ಇದ್ದದ್ದೇ ಒಂದಮ್ಮ. ಅದೇ ಇದು."

ಮಂಗಳ ಗಂಡನ ಕಡೆ ತಿರುಗಿದಳು. ಗಂಡ ಗೋಡೆಯ ಕಡೆ ತಿರುಗಿದ.

"ನಮ್ಮವ್ವನ ಮದ್ದು ಕುಡಿತಿದ್ರು..."

"ಬೋರ್‌ವೆಲ್ ನೀರು ಕಾಯಿಸಿದ ಹಂಡೆಯಲ್ಲಿ ಬಿಳಿ ಕಟ್ಟುತ್ತಲ್ಲ, ಹಾಗೇ ಇದು. ನೀರು ಕಮ್ಮಿಯಾದರೆ ಒಳಗಿನ ಲವಣ ಗಟ್ಟಿಯಾಗುತ್ತೆ. ದಿಂಡಿನ ರಸದ ನೆಪದಲ್ಲಿ ನೀರು ಹೊಟ್ಟೆಗೆ ಹೋದರೆ ಒಳ್ಳೇದೇ. ಆದರೆ ದಾರಿಗೆ ಅಡ್ಡ ಕೂತ ಕಲ್ಲು ರಸಕ್ಕೆ ಹೆದರಲ್ಲ. ನೋವಿಲ್ಲ ಅಂತ ಸುಮ್ಮನಿದ್ದರೆ ಮೂತ್ರ ಹಿಂದಕ್ಕೆ ನಿಂತು ಕಿಡ್ನಿಯೇ ಹಾಳಾಗುತ್ತೆ. ಮತ್ತೆ ತೋರಿಸಿ ಅಂತ ಚೀಟಿಯಲ್ಲಿ ಬರೆದಿದ್ದಾರಲ್ಲ, ಯಾಕೆ ತೋರಿಸಲಿಲ್ಲ?"

ಡಾಕ್ಟರಮ್ಮ ಹೊರಗೆ ಹೋದರು. ಪುಟ್ಟಸಿದ್ದಯ್ಯ ಬೈಗುಳಕ್ಕೆ ಕಾದ. ಬರಲಿಲ್ಲ. ಬದಲಿಗೆ ಹೆಂಡತಿಯ ಫೋನ್ ಕೂಗಿತು. ಅವಳು ಸ್ಪೀಕರ್ ಒತ್ತಿದಳು.

"ಏನ್ ತಾಯಿ, ಬೀಗರು ಎಂಗವ್ರೆ?" ಕೆಂಪನಂಜಪ್ಪನವರ ದನಿ. "ಕಲ್ಲು ಬಿದ್ದೋಗಿತ್ತಲ್ಲ, ಇದೇನಾಯ್ತು? ಇಲ್ಲಿ ಜನ ನಿಮ್ಮವ್ವನ್ನ ಕೇಳ್ತಾವ್ರೆ. ಪಾಪ, ಆಯಮ್ಮ ತಲೆ ಎತ್ತುತಾ ಇಲ್ಲ."

ಮಂಗಳ ಒಂದು ಗಳಿಗೆ ಗಂಡನನ್ನು ನೋಡಿದಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಶುರುಮಾಡಿದಳು.

"ಏನಂತ ಯೇಳ್ಳಿ ಅಣ್ಣ. ಕಲ್ಲು ಬಿದ್ದಿದ್ದು ಬಿದ್ದದ್ದೇ, ನಮ್ಮವ್ವನ ಮದ್ದಲ್ಲಿ ಏನೂ ತಪ್ಪಿಲ್ಲ. ಬಿದ್ದ ಸಂತೋಷಕ್ಕೆ ಇವ್ರು ಮಲೆ ಮಾದಪ್ಪನಿಗೆ ಅರಕೆ ಒತ್ಕೊಂಡಿದ್ರು, ಇನ್ನು ಜೀವ ಇರೋಗಂಟ ಬಾಡು ಮುಟ್ಟಲ್ಲ ಅಂತ. ನಿಮ್ಮ ಮನಸ್ಸು ನೋಯಿಸಬಾರದು ಅಂತ ಒಂದು ತುಂಡು ಎತ್ತುದ್ರು. ಮಾದಪ್ಪ ಬಿಟ್ಟಾನಾ? ಬಾಯಿಗೋಗಕ್ಕೂ ಬಿಡದೆ ತೋರಿಸ್ಬುಟ್ಟ."

ಪುಟ್ಟಸಿದ್ದಯ್ಯ ಹಾಸಿಗೆಯಿಂದ ಏಳಲು ನೋಡಿದ. "ಅಮ್ಮಿ... ಅದು..."

"ಸುಮ್ಕೆ ಮಲಿಕ್ಕಳ್ಳಿ. ತಪ್ಪುಕಾಣಿಕೆ ನಾನು ಕಟ್ತೀನಿ."

ಫೋನಿನ ಆಚೆ ಕೆಂಪನಂಜಪ್ಪನವರು ಗದ್ಗದಿತರಾಗಿದ್ದರು. "ಉಘೇ ಮಾದಪ್ಪ! ನನಗೋಸ್ಕರ ಅರಕೆ ಮುರಿಯಕ್ಕೂ ಒಪ್ಪುದ್ರಲ್ಲ! ಇನ್ನು ನಮ್ಮ ನೆಂಟರಿಷ್ಟರಲ್ಲಿ ಯಾರ ಮನೇಲೂ ಬೀಗರ ಎಲೆಗೆ ಒಂದು ತೊಟ್ಟು ಬಾಡಿನ ಸಾರು ಬೀಳಕ್ಕೆ ಬಿಡಲ್ಲ ತಾಯಿ. ಆ ಜವಾಬ್ದಾರಿ ನಂದು."

ಮಂಗಳ ಫೋನಿಟ್ಟು ಗಂಡನ ಹೊದಿಕೆ ಸರಿಮಾಡಿದಳು.

"ಇನ್ನು ಕನಸಲ್ಲಿ ತಿನ್ಕಳಿ. ಅದಕ್ಕೆ ಅರಕೆ ಇಲ್ಲ."

ಅಷ್ಟಾದರೂ ಉಳಿಯಿತಲ್ಲ ಎಂದು ಪುಟ್ಟಸಿದ್ದಯ್ಯ ಕಣ್ಣು ಮುಚ್ಚಿದ. ಇಂಜೆಕ್ಷನ್ನಿನ ಮಂಪರು ಮೆಲ್ಲಗೆ ಮೈಗೇರಿತು. ಮಂಜು ಇಳಿಯಿತು, ಎಲೆ ಹರಡಿತು, ಹಬೆ ಎದ್ದಿತು, ಘಮಘಮಿಸುವ ಬಕೆಟ್ಟು ಪಂಕ್ತಿಯುದ್ದಕ್ಕೂ ಎಲೆಯಿಂದ ಎಲೆಗೆ ಬಂತು. ಬಡಿಸುವವನು ಅವನ ಮುಂದೆ ನಿಂತ. ಮುಖ ನೋಡಿದ. ಬಕೆಟ್ಟು ಕೆಳಗಿಟ್ಟು, ಭಕ್ತಿಯಿಂದ ಕೈಮುಗಿದು, ಪಕ್ಕದ ಎಲೆಗೆ ಹೋದ.