ತುಂತುರು ಬಂದರೆ ಹಿತ್ತಲಿಗೋಡುವ ಭಾವ

ಲಂಡನ್ನಿನಲ್ಲಿ ಮಳೆ ಬಂದರೆ ಖುಷಿಪಡುವವರು ಇಬ್ಬರೇ. ಒಬ್ಬರು ಕೊಡೆ ಮಾರುವವರು, ಇನ್ನೊಬ್ಬರು ನಮ್ಮ ಭಾವ. ಕೊಡೆ ಮಾರುವವರಿಗಾದರೂ ಒಂದು ಕಾರಣವಿದೆ!

ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮಕ್ಕನ ಮನೆ; ರಜೆ ಸಿಕ್ಕರೆ ನಾನೂ ಅಲ್ಲೇ. ಅಕ್ಕ ಆಸ್ಪತ್ರೆಯಲ್ಲಿ ಡಾಕ್ಟರು. ಭಾವ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಈಗ ಮಾಡುವುದು ಏರ್‌ಪೋರ್ಟ್ ಪಕ್ಕದ ಗೋದಾಮಿನಲ್ಲಿ ಯಾವ ಪೆಟ್ಟಿಗೆ ಎಲ್ಲಿಗೆ ಹೋಗಬೇಕೆಂದು ನೋಡುವ ಕೆಲಸ. ಅಕ್ಕಪಕ್ಕದವರ ಹಿತ್ತಲಿನಲ್ಲಿ ಗುಲಾಬಿ, ಬಾರ್ಬೆಕ್ಯೂ, ಮಕ್ಕಳ ಜಾರುಬಂಡೆ. ಭಾವನ ಹಿತ್ತಲಿನಲ್ಲಿ ಇನ್ಸುಲೇಟರು! ಅದೇ, ಕರೆಂಟು ಕಂಬದ ಮೇಲೆ, ತಂತಿಗೂ ಕಂಬಕ್ಕೂ ನಡುವೆ ತಟ್ಟೆಗಳನ್ನು ಕವುಚಿಟ್ಟ ಹಾಗೆ ಕಾಣುತ್ತದಲ್ಲ, ಅದು. ಕಂದು ಪಿಂಗಾಣಿಯದೊಂದು, ಹಸಿರು ಗಾಜಿನದೊಂದು, ಬೂದು ಸಿಲಿಕೋನ್ ರಬ್ಬರಿನದೊಂದು. ಮಳೆ ಹನಿಯುತ್ತಲೇ ಭಾವ ಮೆಗ್ಗರ್ ಎಂಬ, ಕೈಯಲ್ಲಿ ತಿರುಗಿಸುವ ಪೆಟ್ಟಿಗೆಯೊಂದನ್ನು ಹಿಡಿದು ಅವುಗಳ ಹತ್ತಿರ ಓಡುತ್ತಾರೆ. ಒದ್ದೆಯಾದಾಗ ಯಾರ ಮೈಮೇಲಿಂದ ಕರೆಂಟು ಸೋರುತ್ತದೆ ಎಂದು ಅದು ಹೇಳುತ್ತದಂತೆ. ಕೊಡೆ ಹಿಡಿಯುವುದು ಇನ್ಸುಲೇಟರಿಗೂ ಅಲ್ಲ, ತಮಗೂ ಅಲ್ಲ, ಮೆಗ್ಗರಿಗೆ.

ಇದೇಕೆ ಎಂದು ಕೇಳುತ್ತೀರಾ? ಭಾವನಿಗೆ ಇನ್ಸುಲೇಟರ್ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಬೇಕು. ಹದಿನೆಂಟು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದಾರೆ. ಎಲ್ಲ ಕಡೆಯಿಂದಲೂ ಒಂದೇ ಉತ್ತರ: ನಿಮಗೆ ಈ ದೇಶದ ಅನುಭವವಿಲ್ಲ. ಅದಕ್ಕೇ ಈ ದೇಶದ ಮಳೆಯಲ್ಲಿ ನೆನೆದು ಅನುಭವ ಸಂಪಾದನೆ!

ಒಂದು ಭಾನುವಾರ ಧೋ ಎಂದು ಸುರಿಯತೊಡಗಿತು. "ಹೋಗಿ ಭಾವ, ನಿಮ್ಮ ಹಬ್ಬ ಬಂತು" ಎಂದೆ. ಅವರು ಸೋಫಾ ಬಿಟ್ಟು ಅಲುಗಲಿಲ್ಲ.

"ಇದು ಮಳೆಯೇನೋ? ಸ್ನಾನ! ಧೂಳು, ಹೊಗೆ ಎಲ್ಲಾ ತೊಳ್ಕೊಂಡು ಹೋಗ್ತಿದೆ. ಅಪಾಯ ಇರೋದು ತುಂತುರಲ್ಲಿ, ಮಂಜಲ್ಲಿ. ಅದು ಕೊಳೇನ ನೆನೆಸುತ್ತೆ, ತೊಳೆಯಲ್ಲ. ಆ ಒದ್ದೆ ಕೊಳೆ ಮೇಲೇ ಕರೆಂಟು ಹರಿಯೋದು."

"ಲಂಡನ್ನಲ್ಲಿ ವರ್ಷವೆಲ್ಲಾ ತುಂತುರೇ ಅಲ್ವಾ?"

"ಅದಕ್ಕೇ ಕಣೋ ನಾನು ಈ ಊರಲ್ಲಿರೋದು!"

"ಹೆಂಡ್ತಿ ಇದಾಳೆ ಅಂತಲ್ಲ, ಕೇಳಿಸ್ಕೊಂಡ್ಯಾ?" ಎಂದು ಅಡುಗೆಮನೆಯಿಂದ ಅಕ್ಕ.

ನನ್ನ ಹುಟ್ಟುಹಬ್ಬಕ್ಕೆ ಅಕ್ಕ ಹೋಳಿಗೆ ಮಾಡಿದ್ದಳು. ಭಾವ ನನ್ನ ತಟ್ಟೆಯ ಹೋಳಿಗೆಗೇ ಅರ್ಧ ಭಾಗ ತುಪ್ಪ ಸವರಿ, ಅರ್ಧ ಹಾಗೇ ಬಿಟ್ಟು, ಮೇಲೆ ನೀರು ಚಿಮುಕಿಸಿದರು. "ನೋಡು, ತುಪ್ಪದ ಕಡೆ ಸಿಲಿಕೋನ್. ಒಣಗಿರೋ ಕಡೆ ಪಿಂಗಾಣಿ, ಗಾಜು." ಪಿಂಗಾಣಿ, ಗಾಜುಗಳ ಮೈಮೇಲೆ ನೀರು ಪದರವಾಗಿ ಹರಡಿ ಕರೆಂಟಿಗೆ ದಾರಿ ಮಾಡಿಕೊಡುತ್ತದಂತೆ. ಸಿಲಿಕೋನ್ ಮೇಲೆ ಹನಿಗಳು ಬೇರೆ ಬೇರೆ ಕೂರುತ್ತವೆ, ಇಲ್ಲಿನ ಟ್ಯೂಬ್ ರೈಲಿನಲ್ಲಿ ಇಂಗ್ಲಿಷರು ಕೂತ ಹಾಗೆ, ಒಬ್ಬರನ್ನೊಬ್ಬರು ಮುಟ್ಟದೆ. ಪ್ರಯೋಗ ಯಶಸ್ವಿಯಾಯಿತು. ಹೋಳಿಗೆ ಮಾತ್ರ ಕಸದ ಬುಟ್ಟಿಗೆ ಹೋಯಿತು.

ವರಮಹಾಲಕ್ಷ್ಮಿ ಹಬ್ಬದ ದಿನ ನಡೆದದ್ದನ್ನು ಕೇಳಿ. ಅಕ್ಕನ ಗೆಳತಿಯೊಬ್ಬಳು ಮೈಸೂರಿನಿಂದ ಬಂದಿದ್ದ ತನ್ನ ಅತ್ತೆಯನ್ನೂ ಕರೆತಂದಿದ್ದಳು. ಆ ತಾಯಿ ಕಿಟಕಿಯಲ್ಲಿ ಹಿತ್ತಲು ನೋಡಿದರು. ತುಂತುರಿನಲ್ಲಿ ಮಿರಮಿರ ಮಿಂಚುತ್ತಾ, ಕಂದು ಪಿಂಗಾಣಿ ಗುಂಡಗೆ ನಿಂತಿತ್ತು. "ಅಯ್ಯೋ, ಈಶ್ವರನ್ನ ಹೀಗೆ ಮಳೇಲಿ ನಿಲ್ಲಿಸಿದೀರಲ್ಲ!" ಎಂದವರೇ ಹೊರಗೆ ಹೋಗಿ, ಕುಂಕುಮವಿಟ್ಟು, ಚೊಂಬಿನ ತುಂಬ ಹಾಲು ಸುರಿದರು.

ಭಾವ ಬರಿಗಾಲಿನಲ್ಲಿ ಓಡಿದರು. "ಅಮ್ಮಾ, ಹಾಲು ಹಾಕ್ಬೇಡಿ! ಜಿಡ್ಡು ಕೂತರೆ ರೀಡಿಂಗೆಲ್ಲಾ ಹಾಳು!"

"ದೇವರಿಗೆ ಎಂಥಾ ರೀಡಿಂಗಪ್ಪ?" ಎಂದು ಆ ತಾಯಿ ಮೂರು ಸುತ್ತು ಹಾಕಿಯೇ ಒಳಗೆ ಬಂದದ್ದು. ಭಾವ ಸಿಟ್ಟಾದರೆಂದುಕೊಂಡಿರಾ? ನೋಟ್‌ಬುಕ್ಕಿನಲ್ಲಿ 'ಹಾಲು ಬಿದ್ದ ಪಿಂಗಾಣಿ' ಎಂದು ಹೊಸ ಕಾಲಂ ತೆರೆದು, ವಾರವಿಡೀ ಅಳತೆ ಬರೆದರು!

ಹೀಗಿರುವಾಗ ಕಳೆದ ತಿಂಗಳು, ಇಂಗ್ಲೆಂಡಿನ ಉತ್ತರದ ಕಡಲ ಬದಿಯ ಲ್ಯಾಬೊಂದು ಭಾವನನ್ನು ಇಂಟರ್‌ವ್ಯೂಗೆ ಕರೆಯಿತು. ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಅದರಲ್ಲಿ ಭಾವ ಲಂಡನ್ನಿಗೆ ಬರುವ ಮೊದಲು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಲ್ಯಾಬಿನ ಒಂದು ಪತ್ರವಿತ್ತು. ಮಳೆ ಪರೀಕ್ಷೆಯ ವಿಭಾಗಕ್ಕೆ ಭಾವನನ್ನೇ ಮುಖ್ಯಸ್ಥರನ್ನಾಗಿ ಮಾಡಿದ ಪತ್ರ. ತಾರೀಖು ನೋಡಿದೆ. ಅಕ್ಕನಿಗೆ ಲಂಡನ್ನಿನ ಕೆಲಸ ಸಿಕ್ಕಿದ್ದೂ ಅದೇ ತಿಂಗಳು.

ನಮಗೆಲ್ಲ ಭಾವ ಹೇಳಿದ್ದೇನು? "ಆ ಲ್ಯಾಬಲ್ಲಿ ನನಗೆ ಭವಿಷ್ಯ ಇಲ್ಲ, ನಡೀರಿ ಲಂಡನ್ನಿಗೆ." ಗೋದಾಮಿನ ಗುಮಾಸ್ತ ಎಂದು ಅವರನ್ನು ಅದೆಷ್ಟು ಸಲ ಆಡಿಕೊಂಡಿದ್ದೇನೆ! ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

"ನಿಮ್ಮಕ್ಕಂಗೆ ಹೇಳ್ಬೇಡ" ಎಂದರು ಭಾವ, ನನ್ನ ಕೈಯಲ್ಲಿದ್ದ ಪತ್ರ ನೋಡಿ, ಅಷ್ಟೇ.

ಮೊನ್ನೆ ಶನಿವಾರ ನಾನು ಅಲ್ಲಿದ್ದಾಗಲೇ ಮೇಲ್ ಬಂತು. ಕೆಲಸ ಸಿಕ್ಕಿದೆ! ನಾನು ಕುಣಿದೆ. ಭಾವ ಎರಡು ಸಲ ಓದಿ ಫೋನ್ ಕೆಳಗಿಟ್ಟರು.

"ಕರೆದರಲ್ಲ, ಸಾಕು. ಅಷ್ಟು ದೂರ ಯಾರು ಹೋಗ್ತಾರೆ? ಇವಳ ಆಸ್ಪತ್ರೆ ಇಲ್ಲಿದೆ. ಬರಲ್ಲ ಅಂತ ಬರೆದುಬಿಡ್ತೀನಿ."

ಅಕ್ಕ ಅವರ ಎದುರಿಗೇ ಬಂದು ಕೂತಳು.

"ರೀ, ಬೆಂಗಳೂರಿನ ಆ ಕಾಗದ ನಾನು ಅವತ್ತೇ ಓದಿದ್ದೆ."

ಭಾವ ತಲೆಯೆತ್ತಿದರು.

"ನೀವು ಬೆಂಗಳೂರಲ್ಲೇ ಇರಿ, ನಾನೂ ಲಂಡನ್ನಿಗೆ ಹೋಗಲ್ಲ ಅಂತ ನಾನು ಅನ್ನಬೇಕಿತ್ತು. ಅನ್ನಲಿಲ್ಲ. ನನಗೆ ಬರೋ ಆಸೆ ಇತ್ತು, ಓದೇ ಇಲ್ಲ ಅನ್ನೋ ಹಾಗೆ ಇದ್ದುಬಿಟ್ಟೆ." ಅಕ್ಕ ಫೋನನ್ನು ಅವರತ್ತ ಸರಿಸಿದಳು. "ಈಗ ಬರ್ತೀನಿ ಅಂತ ಬರೀರಿ. ನಾನು ನಿಮ್ಮ ಜೊತೆ ಬರ್ತೀನಿ."

"ನಿನ್ನ ಕೆಲಸ?" ಎಂದರು ಭಾವ.

"ಅಲ್ಲಿನ ಜನಕ್ಕೂ ಕಾಯಿಲೆ ಬರುತ್ತೆ ರೀ."

ಭಾವ ನಗಲು ಹೋಗಿ ಅತ್ತುಬಿಟ್ಟರು. ಅಕ್ಕ ಫೋನನ್ನು ಎತ್ತಿ ಅವರ ಕೈಗಿಟ್ಟು, ಅವರು ಉತ್ತರ ಬರೆದು ಮುಗಿಸುವವರೆಗೆ ಆ ಕೈ ಬಿಡಲಿಲ್ಲ.